ಬರಲಿದೆ ಎನ್ನುವ ಮೊದಲು

ಪುಸ್ತಕ ಅಚ್ಚಾದ ಮೇಲೆ ಅದರ ವಿಮರ್ಶೆ ಬರುತ್ತದೆ, ನಾಟಕ ಆಡಿದ ಮೇಲೆ ಅದರ ಬಗ್ಗೆ ಮಾತು ನಡೆಯುತ್ತದೆ. ವಿಡಿಯೋ ಗೇಮ್‌ಗಳ ವಿಷಯದಲ್ಲಿ ಆ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ ನಿಂತುಕೊಂಡೇ ಎರಡು ನಿಮಿಷದ ಟ್ರೇಲರ್ ನೋಡಿದ ಹುಡುಗ, ದಾದರ್ ಬರುವಷ್ಟರಲ್ಲಿ ಪ್ರೀ-ಆರ್ಡರ್ ಗುಂಡಿ ಒತ್ತಿರುತ್ತಾನೆ. ದೊಡ್ಡ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ. ನಾಲ್ವರ ಜೊತೆ ಕೋಣೆ ಹಂಚಿಕೊಂಡು, ಮಂಚಕ್ಕೆ ಇಷ್ಟು ಎಂದು ಬಾಡಿಗೆ ಕೊಡುವವನಿಗೆ ಅದು ಸಣ್ಣ ಮೊತ್ತವಲ್ಲ. ಅಷ್ಟು ದುಡ್ಡಿಗೆ ಅವನಿಗೆ ಸದ್ಯಕ್ಕೆ ಸಿಕ್ಕಿರುವುದು ಆಟದ ಬಗ್ಗೆ ಯಾರೋ ಕೊಟ್ಟ ಮಾತು ಅಷ್ಟೇ.

ಹಾಗಿದ್ದ ಮೇಲೆ ಆ ಮಾತನ್ನೂ ಒಂದು ಬರಹದಂತೆ ಓದಬೇಕಲ್ಲವೆ? ಬರಲಿರುವ ಆಟವನ್ನು ಹೇಗೆ ಘೋಷಿಸಬೇಕು ಎಂಬ ಪ್ರಶ್ನೆಯನ್ನು ನಾವು ಮಾರುಕಟ್ಟೆಯವರಿಗೆ ಬಿಟ್ಟುಕೊಟ್ಟಿದ್ದೇವೆ. ಅದು ಓದುಗರ, ಆಡುವವರ, ಆಟ ಕಟ್ಟುವ ಕೆಲಸಗಾರರ ಪ್ರಶ್ನೆಯೂ ಹೌದು.

ಮುಂಬಯಿಯ ಮಟ್ಟಿಗೆ ಈ ಕಥೆ ಘೋಷಣೆಯೇ ಇಲ್ಲದ ಕಾಲದಿಂದ ಶುರುವಾಗುತ್ತದೆ. 1995ರಲ್ಲಿ ಸೇಗಾ ಕಂಪನಿ ಶಾ ವಾಲೇಸ್ ಜೊತೆ ಸೇರಿ ತನ್ನ ಮೆಗಾ ಡ್ರೈವ್ ಯಂತ್ರವನ್ನು ಭಾರತಕ್ಕೆ ತಂದಾಗ ಅದರ ಬೆಲೆ 18,000 ರೂಪಾಯಿ. ಅಂದಿನ ಆಮದು ಸುಂಕ ಶೇ. 80ರಷ್ಟಿತ್ತು. ಅಷ್ಟು ಕೊಡಲಾರದ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ನಿಂಟೆಂಡೋ ಯಂತ್ರದ ಅಗ್ಗದ ನಕಲುಗಳು. ಮನೀಶ್ ಮಾರ್ಕೆಟ್, ಲ್ಯಾಮಿಂಗ್ಟನ್ ರೋಡ್‌ಗಳಲ್ಲಿ ಸಿಗುತ್ತಿದ್ದ ಆ ‘ಟಿವಿ ಗೇಮ್’ಗೆ ಹಾಕುವುದನ್ನು ನಾವು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ಯಾವ ಆಟ ಯಾವಾಗ ಬರುತ್ತದೆಂದು ಯಾರೂ ಹೇಳುತ್ತಿರಲಿಲ್ಲ. ಕ್ಯಾಸೆಟ್ ಮೇಲಿನ ಚೀಟಿಯೇ ಘೋಷಣೆ. ಅದರಲ್ಲಿ ‘9999 ಇನ್ 1’ ಎಂದು ಬರೆದಿರುತ್ತಿತ್ತು. ಹಾಕಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು.

ಸುಳ್ಳು ಹೌದು. ಆದರೆ ಆ ಸುಳ್ಳನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದಿತ್ತು. ‘ಭಾಯ್, ಹಾಕಿ ತೋರಿಸಿ’ ಎಂದರೆ ಗಲ್ಲೆಯ ಪಕ್ಕದ ಪುಟ್ಟ ಟಿವಿಯಲ್ಲಿ ಅವನು ಹಾಕಿ ತೋರಿಸಬೇಕಾಗುತ್ತಿತ್ತು. ವಸ್ತು ಅಲ್ಲೇ ಇತ್ತು, ಮಾತೂ ಅಲ್ಲೇ ಇತ್ತು. ಇಂದಿನ ಘೋಷಣೆಯಲ್ಲಿ ಇವೆರಡರ ನಡುವೆ ವರ್ಷಗಳ ಅಂತರವಿದೆ. ತೊಂದರೆ ಹುಟ್ಟುವುದು ಅಲ್ಲಿ.

ಈ ಅಂತರವನ್ನು ಮೊದಲು ತೆರೆದವರು ಅಮೆರಿಕದ ಆರಂಭದ ಕನ್ಸೋಲ್ ಕಂಪನಿಗಳು. ಅವರಿಗೆ ಅದಕ್ಕೆ ಕಾರಣವೂ ಇತ್ತು. ಆಗ ಆಟವೆಂದರೆ ಕಾರ್ಟ್ರಿಜ್. ಅದರೊಳಗಿನ ಚಿಪ್‌ಗಳನ್ನು ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಮೊದಲೇ ತಯಾರಿಸಬೇಕು, ಕ್ರಿಸ್‌ಮಸ್ ವ್ಯಾಪಾರಕ್ಕೆ ಎಷ್ಟು ಬೇಕೆಂದು ಅಂಗಡಿಗಳು ಬೇಸಿಗೆಯಲ್ಲೇ ಹೇಳಬೇಕು. ಹಾಗಾಗಿ ಅಂದಿನ ಘೋಷಣೆ ಮುಖ್ಯವಾಗಿ ಅಂಗಡಿಕಾರನನ್ನು ಒಪ್ಪಿಸುವ ಮಾತು. ಆಡುವ ಮಗು ಅದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿತು. ಕೊನೆಗೆ ಪೆಟ್ಟು ಬಿದ್ದದ್ದು ಆ ಮಗುವಿಗೆ.

ಅಟಾರಿಯ ‘ಸ್ವೋರ್ಡ್‌ಕ್ವೆಸ್ಟ್’ ನೋಡಿ. 1982ರಲ್ಲಿ ನಾಲ್ಕು ಆಟಗಳ ಸರಣಿ ಎಂದು ಘೋಷಿಸಿದರು. ಒಂದೊಂದು ಆಟದ ಒಗಟು ಬಿಡಿಸಿದವರಿಗೆ ಚಿನ್ನ, ರತ್ನಗಳ ಬಹುಮಾನ, ಕೊನೆಗೆ ಎಲ್ಲ ಗೆದ್ದವನಿಗೆ ಒಂದು ಖಡ್ಗ. ಮೂರು ಆಟಗಳು ಬಂದವು, ಎರಡು ಬಹುಮಾನಗಳು ಕೊಡಲ್ಪಟ್ಟವು. ನಾಲ್ಕನೆಯ ‘ಏರ್‌ವರ್ಲ್ಡ್’ ಬರಲೇ ಇಲ್ಲ. ಅಷ್ಟರಲ್ಲಿ ಮಾರುಕಟ್ಟೆ ಕುಸಿದಿತ್ತು. ಖಡ್ಗದ ಆಸೆಗೆ ಮೊದಲ ಆಟ ಕೊಂಡವನ ಪಾಲಿಗೆ ಅದು ಕೊನೆಯ ಅಧ್ಯಾಯವೇ ಇಲ್ಲದ ಧಾರಾವಾಹಿ.

ಮ್ಯಾಟೆಲ್ ಕಂಪನಿಯದು ಇನ್ನೂ ಸ್ಪಷ್ಟವಾದ ಪಾಠ. ತನ್ನ ಇಂಟೆಲಿವಿಷನ್ ಯಂತ್ರಕ್ಕೆ ಕೀಬೋರ್ಡ್ ಜೋಡಿಸಿದರೆ ಅದು ಪೂರ್ತಿ ಕಂಪ್ಯೂಟರ್ ಆಗುತ್ತದೆ, ಆ ಕೀಬೋರ್ಡ್ ಬರಲಿದೆ ಎಂದು ಅದು ಹೇಳಿಕೊಂಡಿತು. ಯಂತ್ರ ಮಾರಾಟವಾಯಿತು, ಕೀಬೋರ್ಡ್ ಮಾತ್ರ ವರ್ಷ ವರ್ಷವೂ ಮುಂದೆ ಹೋಯಿತು. ಕೊಂಡವರ ದೂರುಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನಕ ಹೋಗಿ, 1982ರಲ್ಲಿ ಕಂಪನಿಗೆ ದಂಡ ಬಿತ್ತು. ‘ಬರಲಿದೆ’ ಎಂಬುದು ಬರೀ ಆಸೆಯ ಮಾತಲ್ಲ, ಅದನ್ನು ನಂಬಿ ಇನ್ನೊಂದು ವಸ್ತುವನ್ನು ಕೊಂಡವರಿಗೆ ಉತ್ತರ ಕೊಡಬೇಕು ಎಂದು ಅಂದೇ ಇತ್ಯರ್ಥವಾಗಿತ್ತು.

ಅದೇ ವರ್ಷದ ‘ಇ.ಟಿ.’ ಕಥೆ ಬಹಳ ಜನರಿಗೆ ಗೊತ್ತು. ಸ್ಪೀಲ್‌ಬರ್ಗ್ ಸಿನಿಮಾದ ಹಕ್ಕು ಅಟಾರಿಗೆ ಸಿಕ್ಕಿದ್ದು ಜುಲೈ ಕೊನೆಯಲ್ಲಿ. ಆಟ ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕು. ಹಾಗಾಗಿ ಹೋವರ್ಡ್ ಸ್ಕಾಟ್ ವಾರ್ಶಾಗೆ ಅದನ್ನು ಕಟ್ಟಲು ಸಿಕ್ಕಿದ್ದು ಸುಮಾರು ಐದು ವಾರ. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗೋರ್ಡೊದ ಕಸದ ಗುಂಡಿಯಲ್ಲಿ ಹೂತರು, 2014ರಲ್ಲಿ ಅಗೆದಾಗ ಅವು ಸಿಕ್ಕವು. ಇದನ್ನು ‘ಅತ್ಯಂತ ಕೆಟ್ಟ ಆಟ’ದ ತಮಾಷೆಯಾಗಿ ಹೇಳುವುದು ರೂಢಿ. ನನಗೆ ಇದರಲ್ಲಿ ಕಾಣುವುದು ಕೆಲಸದ ಕ್ರಮ: ದಿನಾಂಕ ಮೊದಲು ಹುಟ್ಟಿತು, ಆಟ ಆಮೇಲೆ. ಪವಾಯಿ, ಐರೋಲಿ, ಸೀಪ್ಝ್‌ಗಳ ಆಫೀಸುಗಳಲ್ಲಿ ದುಡಿಯುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೇಲ್ಸ್‌ನವರು ಕ್ಲೈಂಟ್‌ಗೆ ತಾರೀಕು ಹೇಳಿ ಬರುತ್ತಾರೆ, ಆ ತಾರೀಕಿಗೆ ರಾತ್ರಿ ಕೂರುವವರು ಬೇರೆಯವರು.

ಹಾಗಾದರೆ ಏನನ್ನೂ ಹೇಳದೆ ಇದ್ದುಬಿಡುವುದು ಸರಿಯೆ? ಅದನ್ನೂ ಒಬ್ಬರು ಮಾಡಿ ನೋಡಿದ್ದಾರೆ. ಸೇಗಾ ತನ್ನ ಸ್ಯಾಟರ್ನ್ ಯಂತ್ರ ಅಮೆರಿಕದಲ್ಲಿ 1995ರ ಸೆಪ್ಟೆಂಬರ್ 2ಕ್ಕೆ ಬರುತ್ತದೆ ಎಂದು ಹೇಳಿತ್ತು. ಮೇ ತಿಂಗಳ ಇ3 ಮೇಳದಲ್ಲಿ ಎದ್ದು ನಿಂತು, ಅದು ಈಗಾಗಲೇ ಅಂಗಡಿಯಲ್ಲಿದೆ ಎಂದಿತು. ಆಟ ಬರೆಯುವ ಹೊರಗಿನ ಕಂಪನಿಗಳು ಸೆಪ್ಟೆಂಬರ್‌ಗೆ ಸಿದ್ಧವಾಗುತ್ತಿದ್ದವು, ಆದ್ದರಿಂದ ಯಂತ್ರಕ್ಕೆ ಆಟಗಳೇ ಸಾಲಲಿಲ್ಲ. ಯಂತ್ರ ಸಿಗದ ಅಂಗಡಿಗಳು ಸಿಟ್ಟಾದವು. ಅತಿ ಬೇಗ ಹೇಳುವುದರಷ್ಟೇ ಹಾನಿ, ಜೊತೆಗೆ ದುಡಿಯುವವರಿಗೂ ಹೇಳದೆ ಇರುವುದರಲ್ಲಿದೆ.

ಒಳ್ಳೆಯ ಘೋಷಣೆಯ ಮಾದರಿಗೆ ನಾವು ಬಹಳ ದೂರ ಹೋಗಬೇಕಾಗಿಲ್ಲ. ಪತ್ತನಾಜೆ ಕಳೆದು ತಿರುಗಾಟ ಮುಗಿದ ಮೇಲೆ, ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬಯಿಗೆ ಬರುತ್ತಾರೆ. ಅವರ ಆಟದ ಕರಪತ್ರವನ್ನು ಗಮನಿಸಿ. ‘ಅದ್ದೂರಿ’, ‘ಅಭೂತಪೂರ್ವ’ ಎಂಬ ವಿಶೇಷಣಗಳಿಗೆ ಅಲ್ಲಿ ಬರವಿಲ್ಲ. ಆದರೆ ಅವುಗಳ ಕೆಳಗೆ ಪ್ರಸಂಗದ ಹೆಸರು, ಸಭಾಗೃಹ, ಹೊತ್ತು, ಭಾಗವತರು ಯಾರು, ಚೆಂಡೆ ಮದ್ದಳೆಗೆ ಯಾರು, ಮುಮ್ಮೇಳದಲ್ಲಿ ಯಾರಿದ್ದಾರೆ ಎಂಬ ವಿವರ ಇರುತ್ತದೆ. ಹೆಸರು ಹಾಕಿದ ಭಾಗವತರು ಬಾರದಿದ್ದರೆ ಸಂಘಟಕರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುವವರಿದ್ದಾರೆ. ಉತ್ಪ್ರೇಕ್ಷೆಯ ಕೆಳಗೆ ಕೇಳಬಹುದಾದ ಸಂಗತಿಗಳಿರುವುದೇ ಆ ಕರಪತ್ರದ ಮರ್ಯಾದೆ. ಇದಕ್ಕೆ ವಿರುದ್ಧದ ಚಾಳಿಯೂ ನಮ್ಮಲ್ಲೇ ಇದೆ. ಕನ್ನಡ ಪುಸ್ತಕಗಳ ಹಿಂಬದಿಯಲ್ಲಿ ಲೇಖಕರ ಹೆಸರಿನ ಕೆಳಗೆ ‘ಅಚ್ಚಿನಲ್ಲಿ’ ಎಂದು ವರ್ಷಗಟ್ಟಲೆ ಕುಳಿತಿರುವ ಶೀರ್ಷಿಕೆಗಳು ನಮಗೆ ಹೊಸವಲ್ಲ.

ಈ ಅಳತೆಗೋಲು ಹಿಡಿದು ನಮ್ಮದೇ ಒಂದು ಘೋಷಣೆಯನ್ನು ನೋಡೋಣ. ಅದು ಕನ್ಸೋಲ್ ಆಟವಲ್ಲ, ಮೊಬೈಲ್‌ನದು. ಆದರೆ ನಮ್ಮ ದೇಶದಲ್ಲಿ ಇದರಷ್ಟು ಗದ್ದಲದ ಘೋಷಣೆ ಕಡಿಮೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಕ್ಕೆ, ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ‘ಫೌ-ಜಿ’ ಎಂಬ ಆಟವನ್ನು ಘೋಷಿಸಿದರು. ಕಟ್ಟುತ್ತಿದ್ದದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಅದರ ಹಿಂದಿದ್ದ ವಿಶಾಲ್ ಗೊಂಡಾಲ್, ಮುಂಬಯಿಯಲ್ಲಿ ಇಂಡಿಯಾಗೇಮ್ಸ್ ಕಂಪನಿ ಕಟ್ಟಿದವರು. ಆದಾಯದ ಶೇ. 20ರಷ್ಟು ‘ಭಾರತ್ ಕೆ ವೀರ್’ ನಿಧಿಗೆ ಎಂದೂ ಹೇಳಲಾಯಿತು.

ಆ ಘೋಷಣೆಯಲ್ಲಿ ದೇಶವಿತ್ತು, ಸೈನಿಕರಿದ್ದರು, ತಾರೆಯಿದ್ದರು. ಆಟ ಹೇಗಿರುತ್ತದೆ ಎಂಬುದು ಇರಲಿಲ್ಲ. ಪಬ್‌ಜಿ ಹೋದ ಎರಡನೇ ದಿನ ಬಂದದ್ದರಿಂದ, ಇದು ಅದರ ಬದಲಿ ಎಂದು ಜನ ತಾವೇ ತುಂಬಿಕೊಂಡರು. ಹಾಗೆ ತುಂಬಿಕೊಳ್ಳಲಿ ಎಂದೇ ಆ ದಿನವನ್ನು ಆರಿಸಿದಂತಿತ್ತು. ಮೊದಲು ಸೂಚಿಸಿದ ತಿಂಗಳುಗಳು ಕಳೆದು, 2021ರ ಜನವರಿ 26ರಂದು ಆಟ ಬಂತು. ಗಲ್ವಾನ್ ಕಣಿವೆಯಲ್ಲಿ ಒಬ್ಬನೇ ಕೈಕೈ ಮಿಲಾಯಿಸುವ ಕಥೆ ಅಷ್ಟೇ ಇತ್ತು. ಪಬ್‌ಜಿಯಲ್ಲಿ ಜನ ಇಷ್ಟಪಟ್ಟ ಗುಂಪಿನ ಆಟದ ಜಾಗದಲ್ಲಿ ಮತ್ತೆ ‘ಶೀಘ್ರದಲ್ಲೇ’ ಎಂಬ ಫಲಕ. ಪುಟ್ಟ ತಂಡವೊಂದರ ಮೊದಲ ಪ್ರಯತ್ನ ಎಂದು ಹೇಳಿದ್ದರೆ ಅದನ್ನು ಸಹಾನುಭೂತಿಯಿಂದ ನೋಡಬಹುದಿತ್ತು. ದೇಶದ ಉತ್ತರ ಎಂದು ಘೋಷಿಸಿದ್ದರಿಂದ ಆ ತಂಡದ ಕೆಲಸವನ್ನು ಅದರ ಅಳತೆಯಲ್ಲಿ ನೋಡುವ ಅವಕಾಶವೇ ತಪ್ಪಿತು. ಇನ್ನೊಂದು ಸಂಗತಿ: ಬಂದ ದಿನ ಆಟ ಇದ್ದದ್ದು ಹಿಂದಿ, ಇಂಗ್ಲಿಷ್, ತಮಿಳಿನಲ್ಲಿ. ಬೆಂಗಳೂರಿನಲ್ಲಿ ಕಟ್ಟಿದ ಆಟದಲ್ಲಿ ಕನ್ನಡ ಇಲ್ಲವೆಂಬುದು ತಿಳಿಯಲು ನಾವು ಅದನ್ನು ಇಳಿಸಿಕೊಂಡು ನೋಡಬೇಕಾಯಿತು.

ದೊಡ್ಡವರೂ ಈ ಪರೀಕ್ಷೆಯಲ್ಲಿ ಸೋತಿದ್ದಾರೆ. ‘ಸೈಬರ್‌ಪಂಕ್ 2077’ರ ಮೊದಲ ಟ್ರೇಲರ್ 2013ರ ಜನವರಿಯಲ್ಲಿ ಬಂದಿತ್ತು, ಆಟ 2020ರ ಡಿಸೆಂಬರ್ 10ಕ್ಕೆ ಬಂತು. ವಿಮರ್ಶಕರಿಗೆ ಮೊದಲು ಕೊಟ್ಟದ್ದು ಕಂಪ್ಯೂಟರ್ ಪ್ರತಿ ಮಾತ್ರ. ಹಳೆಯ ಕನ್ಸೋಲ್‌ಗಳಲ್ಲಿ ಆಟ ತಡವರಿಸುತ್ತಿತ್ತು. ಡಿಸೆಂಬರ್ 18ಕ್ಕೆ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು ದುಡ್ಡು ವಾಪಸು ಕೊಡಲು ಶುರುಮಾಡಿತು. ಭಾರತದಲ್ಲಿ ಪಿಎಸ್ 5 ಬಂದದ್ದೇ 2021ರ ಫೆಬ್ರವರಿ 2ರಂದು. ಅಂದರೆ ಪ್ಲೇಸ್ಟೇಷನ್‌ಗೆಂದು ಇದನ್ನು ಕೊಂಡ ಇಲ್ಲಿನವರ ಮನೆಯಲ್ಲಿ ಆಗ ಇದ್ದದ್ದು ಹಳೆಯ ಯಂತ್ರವೇ, ಘೋಷಣೆಯುದ್ದಕ್ಕೂ ತೋರಿಸದೆ ಉಳಿಸಿಕೊಂಡಿದ್ದ ಯಂತ್ರ.

ಒಂದು ಆಕ್ಷೇಪ ನ್ಯಾಯವಾದದ್ದು. ಸಣ್ಣ ತಂಡಗಳು ಸುಮ್ಮನಿರಲು ಸಾಧ್ಯವಿಲ್ಲ. ಹೇಳದಿದ್ದರೆ ದುಡ್ಡು ಹಾಕುವವರು ಸಿಗುವುದಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡ ‘ರಾಜಿ’ ಆಟಕ್ಕಾಗಿ 2017ರಲ್ಲಿ ಜನರಿಂದ ಹಣ ಕೇಳಿತು. ಗುರಿ ಮುಟ್ಟಲಿಲ್ಲ, ಆದರೂ ಕೆಲಸ ಬಿಡಲಿಲ್ಲ, 2020ರ ಆಗಸ್ಟ್‌ನಲ್ಲಿ ಆಟ ಬಂತು. ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ‘ಕಟ್ಟುತ್ತಿದ್ದೇವೆ, ಕೈ ಜೋಡಿಸಿ’ ಎನ್ನುವ ಮಾತೇ ಬೇರೆ, ‘ಬರಲಿದೆ, ಈಗಲೇ ಕೊಳ್ಳಿ’ ಎನ್ನುವ ಮಾತೇ ಬೇರೆ. ಮೊದಲನೆಯದರಲ್ಲಿ ಅಪಾಯ ಇಬ್ಬರಿಗೂ ಗೊತ್ತಿರುತ್ತದೆ. ಆದರೆ ‘ರಾಜಿ’ ಮೊದಲು ಬಂದದ್ದು ನಿಂಟೆಂಡೋ ಸ್ವಿಚ್‌ಗೆ, ಭಾರತದಲ್ಲಿ ಅಧಿಕೃತವಾಗಿ ಮಾರಾಟವೇ ಇಲ್ಲದ ಯಂತ್ರಕ್ಕೆ. ಉಳಿದ ಯಂತ್ರಗಳಿಗೆ ಅಕ್ಟೋಬರ್‌ನಲ್ಲಿ. ಯಾವ ಯಂತ್ರಕ್ಕೆ, ಯಾವ ದೇಶದಲ್ಲಿ ಎಂಬುದು ಘೋಷಣೆಯ ಮೊದಲ ಸಾಲಿನಲ್ಲೇ ಇರಬೇಕು ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ತಡವಾದಾಗ ಹೇಗೆ ಮಾತಾಡಬೇಕು ಎಂಬುದಕ್ಕೂ ಮಾದರಿಯಿದೆ. ನಿಂಟೆಂಡೋ ‘ಮೆಟ್ರಾಯ್ಡ್ ಪ್ರೈಮ್ 4’ ಅನ್ನು 2017ರಲ್ಲಿ ಬರೀ ಹೆಸರಿನ ಫಲಕ ತೋರಿಸಿ ಘೋಷಿಸಿತು. ಅದು ಅವಸರ. ಆದರೆ 2019ರ ಜನವರಿಯಲ್ಲಿ ಹಿರಿಯ ಅಧಿಕಾರಿಯೇ ಕ್ಯಾಮೆರಾ ಮುಂದೆ ಬಂದು, ಕೆಲಸ ನಮ್ಮ ಮಟ್ಟಕ್ಕೆ ಬಂದಿಲ್ಲ, ಬೇರೆ ತಂಡದೊಂದಿಗೆ ಮೊದಲಿನಿಂದ ಶುರು ಮಾಡುತ್ತೇವೆ ಎಂದರು. ಆಟ 2025ರ ಡಿಸೆಂಬರ್‌ನಲ್ಲಿ ಬಂತು. ಮೂರು ಜನರ ಆಸ್ಟ್ರೇಲಿಯಾ ತಂಡವೊಂದು ‘ಸಿಲ್ಕ್‌ಸಾಂಗ್’ ಅನ್ನು 2019ರಲ್ಲಿ ಘೋಷಿಸಿ ವರ್ಷಗಟ್ಟಲೆ ಕಾಯಿಸಿತು, ಆದರೆ ತಾರೀಕು ಹೇಳಿದ್ದು ಎಲ್ಲ ಮುಗಿದ ಮೇಲೆ, ಬಿಡುಗಡೆಗೆ ಎರಡು ವಾರ ಇರುವಾಗ. ಆ ತಾರೀಕಿಗೇ ಬಂತು.

ಕನ್ಸೋಲ್ ಆಟಗಳ ಮಟ್ಟಿಗೆ ಅಮೆರಿಕದಲ್ಲಿ 1982ರಲ್ಲಿ ಇದ್ದ ಆರಂಭದ ಕಾಲ ನಮ್ಮಲ್ಲಿ ಈಗ ನಡೆಯುತ್ತಿದೆ. ಸೋನಿಯ ‘ಇಂಡಿಯಾ ಹೀರೋ ಪ್ರಾಜೆಕ್ಟ್’ ಮೂಲಕ ಮುಂಬಯಿಯ ಅಂಡರ್‌ಡಾಗ್ಸ್ ಸ್ಟುಡಿಯೋದ ‘ಮುಕ್ತಿ’ಯಂಥ ಆಟಗಳು ಘೋಷಣೆಯಾಗಿವೆ. ಮಾನವ ಸಾಗಾಟದಂಥ ವಸ್ತುವನ್ನು ಎತ್ತಿಕೊಂಡ ಆಟ ಅದು. ಈ ತಂಡಗಳು ಗೆಲ್ಲಬೇಕೆಂದೇ ಅವರ ಮಾತಿನ ಮೇಲೆ ನಾವು ಕಣ್ಣಿಡಬೇಕು. ತಾರೀಕು ಹೇಳುವ ಮೊದಲು ಆಟವನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆ ಆಡಿ ಮುಗಿಸಿರಲಿ. ತೋರಿಸುವ ದೃಶ್ಯ ಜನರ ಮನೆಯಲ್ಲಿರುವ ಯಂತ್ರದಲ್ಲೇ ಓಡಿದ್ದಾಗಿರಲಿ. ಕಟ್ಟಿದವರ ಹೆಸರು ಇರಲಿ. ಯಾವ ಯಾವ ಭಾಷೆ ಇದೆ, ಯಾವುದು ಇಲ್ಲ ಎಂಬುದು ಇರಲಿ.

ಓದುಗರಿಗೂ ಸ್ವಲ್ಪ ಕೆಲಸವಿದೆ. ಮುಂದಿನ ಟ್ರೇಲರ್ ಬಂದಾಗ ಅದನ್ನು ಯಕ್ಷಗಾನದ ಕರಪತ್ರದಂತೆ ಓದಿ. ವಿಶೇಷಣಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಉಳಿದದ್ದೇನು ಎಂದು ನೋಡಿ. ಹೊತ್ತು, ಜಾಗ, ಹೆಸರು ಸಿಕ್ಕಿದರೆ ಗುಂಡಿ ಒತ್ತಬಹುದು. ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ, ಆಟ ಬಂದ ಮೇಲೂ ಅದು ಅಂಗಡಿಯಲ್ಲಿ ಸಿಗುತ್ತದೆ.