ಬಿಳಿ ವರ್ಗದ ಗಾಳಿಯಂತ್ರಗಳು

ಭಾರತದಲ್ಲಿ ಪವನ ವಿದ್ಯುತ್ ಸ್ಥಾವರಗಳಿಗೆ ಸಿಕ್ಕಿರುವ ನಿರುಪದ್ರವಿ ಎಂಬ ಹೆಸರು ಅವುಗಳ ಯೋಗ್ಯತೆಗಿಂತ ದೊಡ್ಡದು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿರುವ, ಪೂರ್ವಾನುಮತಿ ಬೇಕಾದ ಯೋಜನೆಗಳ ಪಟ್ಟಿಯಲ್ಲಿ ಅವು ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅವನ್ನು ಮಾಲಿನ್ಯ ತೀರ ಕಡಿಮೆ ಇರುವ ‘ಬಿಳಿ’ ವರ್ಗಕ್ಕೆ ಸೇರಿಸಿತು. ಹೊಗೆ, ಬೂದಿ, ಕೊಳಚೆಯ ಲೆಕ್ಕದಲ್ಲಿ ಇದು ಸರಿ. ಗುಡ್ಡದ ನೆತ್ತಿಯ ಹುಲ್ಲುಗಾವಲಿನಲ್ಲಿ ಆಗುವುದು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ಯಂತ್ರಗಳಿಲ್ಲದ ಭಾಗಕ್ಕೆ ಹೋಲಿಸಿದರೆ ಯಂತ್ರಗಳ ನಡುವೆ ಬೇಟೆಹಕ್ಕಿಗಳು ಸುಮಾರು ನಾಲ್ಕನೇ ಒಂದರಷ್ಟು. ಅವುಗಳ ಭಯ ತಪ್ಪಿದ್ದರಿಂದ ಓತಿಕ್ಯಾತಗಳು ಹೆಚ್ಚಿದ್ದವು. ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆಯಿತ್ತು. ಮನುಷ್ಯ ತೀರ ಹತ್ತಿರ ಬರುವವರೆಗೂ ಅವು ಓಡುತ್ತಿರಲಿಲ್ಲ. ಸಂಖ್ಯೆ ಹೆಚ್ಚಿ ಆಹಾರಕ್ಕೆ ಪೈಪೋಟಿ ಬಿದ್ದು ಅವುಗಳ ಮೈ ಸೊರಗಿತ್ತು, ಗಂಡುಗಳ ಗಂಟಲ ಬಣ್ಣವೂ ಮಾಸಿತ್ತು. ಸತ್ತ ಹಕ್ಕಿಗಳ ಎಣಿಕೆಯಿಂದ ಈ ಸರಪಳಿಯ ಒಂದು ಕೊಂಡಿಯೂ ಕಾಣುವುದಿಲ್ಲ. ಯಂತ್ರ ಕಂಡು ದೂರ ಸರಿದ ಹದ್ದು ಹೆಣವಾಗಿ ಬೀಳುವುದಿಲ್ಲವಲ್ಲ.

ಆದರೂ ಚರ್ಚೆಯೆಲ್ಲ ಹೆಣಗಳ ಸುತ್ತಲೇ ನಡೆದಿದೆ. ಬೆಕ್ಕುಗಳು, ಗಾಜಿನ ಕಟ್ಟಡಗಳು ಗಾಳಿಯಂತ್ರಗಳಿಗಿಂತ ಹೆಚ್ಚು ಹಕ್ಕಿಗಳನ್ನು ಕೊಲ್ಲುತ್ತವೆ ಎಂಬ ಸಮರ್ಥಕರ ವಾದದಲ್ಲಿ ಹುರುಳಿಲ್ಲ: ಬೆಕ್ಕಿಗೆ ಸಿಗುವುದು ಸಣ್ಣ ಹಕ್ಕಿ, ವರ್ಷಕ್ಕೆ ಒಂದೆರಡು ಮರಿ ಮಾಡುವ ಹದ್ದಿನ ನಷ್ಟವನ್ನು ಅದರೊಂದಿಗೆ ಕೂಡಿಸಲಾಗದು. ಚಾಳಕೇವಾಡಿಯನ್ನು ಮುಂದೊಡ್ಡಿ ಪವನ ವಿದ್ಯುತ್ತೇ ಬೇಡ ಎನ್ನುವವರೂ ಅಧ್ಯಯನವನ್ನು ಸರಿಯಾಗಿ ಓದಿಲ್ಲ. ಅದು ಒಂದು ಪ್ರಸ್ಥಭೂಮಿಯ ಮಾತು. ಉತ್ತ ಹೊಲದ ನಡುವಿನ ಯಂತ್ರಕ್ಕೆ ಅದನ್ನು ಹಾಗೇ ಹಚ್ಚಲು ಬರುವುದಿಲ್ಲ. ಮುಂಗಾರಿನ ಮೋಡದಲ್ಲಿ ಸೌರ ವಿದ್ಯುತ್ ಇಳಿಯುವ ತಿಂಗಳುಗಳಲ್ಲೇ ಕರ್ನಾಟಕದ ಗಾಳಿ ಬಿರುಸಾಗಿರುತ್ತದೆ. ಕಲ್ಲಿದ್ದಲು ಉಳಿಸುವ ಆ ವಿದ್ಯುತ್ ಬೇಕೇ ಬೇಕು.

ತಪ್ಪಿರುವುದು ಜಾಗದ ಆಯ್ಕೆಯಲ್ಲಿ. ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲು ಪಾಳುಭೂಮಿ ಎನಿಸಿಕೊಳ್ಳುವುದರಿಂದ ಅಲ್ಲಿ ಯಂತ್ರ ನಿಲ್ಲಿಸುವುದು ಸುಲಭ. ಗದಗದ ಕಪ್ಪತಗುಡ್ಡ ವನ್ಯಜೀವಿಧಾಮವಾದದ್ದು 2019ರಲ್ಲಿ, ಆ ಗುಡ್ಡಸಾಲಿನಲ್ಲಿ ಯಂತ್ರಗಳು ನಿಂತು ವರ್ಷಗಳಾದ ಮೇಲೆ. ಅಲ್ಲಿನ ತೋಳ, ಕತ್ತೆಕಿರುಬಗಳನ್ನು ಗುಡ್ಡಕ್ಕೆ ರಸ್ತೆ ಕಡಿಯುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಇತ್ತ, ಮೊದಲು ಬಂದ ಸಣ್ಣ ಯಂತ್ರಗಳು ದೇಶದ ಒಳ್ಳೆಯ ಗಾಳಿಯ ಜಾಗಗಳನ್ನೇ ಹಿಡಿದು ಕೂತಿವೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟುಪಟ್ಟಾಗುತ್ತದೆ, ಹಾಗಾಗಿ ಒಳ್ಳೆಯ ಗಾಳಿಯ ಜಾಗಕ್ಕೆ ಬೆಲೆ ಹೆಚ್ಚು. ಅಂಥ ಕಡೆ ಹಳೆಯವನ್ನು ತೆಗೆದು 2–3 ಮೆಗಾವಾಟ್‌ನವನ್ನು ನಿಲ್ಲಿಸಿದರೆ ಕಡಿಮೆ ಯಂತ್ರಗಳಿಂದಲೇ ಹೆಚ್ಚು ವಿದ್ಯುತ್ ಬರುತ್ತದೆ. ಕೇಂದ್ರ ಸರ್ಕಾರ ಇದಕ್ಕೆಂದೇ 2016ರಲ್ಲಿ ನೀತಿ ತಂದಿತು. ಮೊದಲು ಆಗಬೇಕಾದ ಕೆಲಸ ಅದೇ. ಹೊಸ ಗುಡ್ಡದ ನೆತ್ತಿ ಬೇಕೆನ್ನುವ ಯೋಜನೆಗಳನ್ನು 2006ರ ಪಟ್ಟಿಗೆ ಸೇರಿಸಿ, ರಸ್ತೆ ಕಡಿಯುವ ಮೊದಲು ಪೂರ್ತಿ ಒಂದು ವರ್ಷದ ಬೇಟೆಹಕ್ಕಿ ಗಣತಿಯನ್ನು ಕಡ್ಡಾಯ ಮಾಡಬೇಕು.