ಬಂಗಾರ ಕಾಪಾಡುತ್ತೆ, ಸರಿ. ಯಾರನ್ನ? ಯಾವಾಗ?

ಬೆಂಗಳೂರಿನ ಆಫೀಸುಗಳಲ್ಲಿ ಊಟದ ಹೊತ್ತಿನ ಮಾತೆಲ್ಲ ಈಗ ಬಂಗಾರದ್ದೇ. 2025ರಲ್ಲಿ 10 ಗ್ರಾಂ ಬೆಲೆ ಲಕ್ಷ ರೂಪಾಯಿ ದಾಟಿದ ಮೇಲಂತೂ ಎಲ್ಲರೂ ಪಂಡಿತರೇ. ವಾದ ಸರಳ. ಸರ್ಕಾರಗಳು ಸಾಲ ಮಾಡ್ತಾನೇ ಹೋಗ್ತವೆ, ತೀರಿಸೋಕೆ ನೋಟು ಅಚ್ಚು ಹಾಕ್ತವೆ, ನೋಟಿನ ಬೆಲೆ ಕರಗುತ್ತೆ, ಬಂಗಾರ ಮಾತ್ರ ಉಳಿಯುತ್ತೆ. ಅಮೆರಿಕದ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿದೆ. ಜಗತ್ತಿನ ಕೇಂದ್ರ ಬ್ಯಾಂಕುಗಳು 2022, 2023, 2024 ಮೂರೂ ವರ್ಷ ಸಾವಿರ ಟನ್ನಿಗಿಂತ ಹೆಚ್ಚು ಬಂಗಾರ ಕೊಂಡಿವೆ. ಅವರೇ ಕೊಳ್ತಿದ್ದಾರೆ ಅಂದ್ಮೇಲೆ ನೀವ್ಯಾಕೆ ಸುಮ್ಮನಿದ್ದೀರಿ?

ಇದರಲ್ಲಿ ಸುಳ್ಳೇನಿಲ್ಲ. ಆದರೆ ಅರ್ಧ ಮಾತು. ಉಳಿದರ್ಧ ಕುಷ್ಟಗಿ ತಾಲ್ಲೂಕಿನ ನಮ್ಮ ಹನುಮಸಾಗರದ ಕಡೆ ನಿಂತು ನೋಡಿದರೆ ಚೆನ್ನಾಗಿ ಕಾಣುತ್ತೆ.

ಮೊದಲು ಹಣದುಬ್ಬರದ ಲೆಕ್ಕ. 2012ರಲ್ಲಿ 10 ಗ್ರಾಂ ಬಂಗಾರ ಸುಮಾರು 31 ಸಾವಿರ ರೂಪಾಯಿ ಇತ್ತು. 2015ರಲ್ಲಿ 26 ಸಾವಿರದ ಆಸುಪಾಸಿಗೆ ಇಳೀತು. ವರ್ಷದ ಸರಾಸರಿ ಮತ್ತೆ 31 ಸಾವಿರ ಮುಟ್ಟೋಕೆ 2018 ಆಯ್ತು. ಈ ಆರು ವರ್ಷ ಬೇಳೆ, ಎಣ್ಣೆ, ಸ್ಕೂಲ್ ಫೀಸು, ಬಾಡಿಗೆ ಯಾವುದೂ ನಿಂತು ಕಾಯಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಇದ್ದ ಬಂಗಾರ 20 ವರ್ಷದ ನಂತರ 300 ಡಾಲರಿಗಿಂತ ಕೆಳಗಿತ್ತು. ಆ ಅವಧಿಯಲ್ಲಿ ನಮಗೆ ಅಷ್ಟು ಪೆಟ್ಟು ಬೀಳಲಿಲ್ಲ. ಕಾರಣ ಬಂಗಾರ ಏರಿದ್ದಲ್ಲ, ಡಾಲರಿನ ಎದುರು ರೂಪಾಯಿ ಬಿದ್ದದ್ದು. ಅಂದರೆ ಬಂಗಾರ ನಮ್ಮನ್ನ ಕಾಯೋದು ಹೆಚ್ಚಾಗಿ ರೂಪಾಯಿಯ ಕುಸಿತದಿಂದ. ಮುಂದಿನ ವರ್ಷದ ಬಾಡಿಗೆ ಏರಿಕೆಯಿಂದ ಅಲ್ಲ. ಇವೆರಡೂ ಒಂದೇ ಅಂತ ಮಾರೋರು ಹೇಳ್ತಾರೆ. ಒಂದೇ ಅಲ್ಲ.

ಇನ್ನು ಸರ್ಕಾರದ ಮೇಲಿನ ಅಪನಂಬಿಕೆ. ಅದನ್ನ ನಮ್ಮೂರಿಗೆ ಯಾರೂ ಕಲಿಸಬೇಕಾಗಿಲ್ಲ. ಹನುಮಸಾಗರ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಓಡ್ತಿದ್ದದ್ದು ಹಾಲಿ ಸಿಕ್ಕಾ, ಸಂಸ್ಥಾನದ್ದೇ ರೂಪಾಯಿ. ಸಂಸ್ಥಾನ ಹೋದ ಮೇಲೆ ಏಳು ಹಾಲಿ ಸಿಕ್ಕಾಕ್ಕೆ ಭಾರತದ ಆರು ರೂಪಾಯಿ ಲೆಕ್ಕದಲ್ಲಿ ಬದಲಾಯ್ತು, 1959ರಲ್ಲಿ ಪೂರ್ತಿ ರದ್ದಾಯ್ತು. ಒಂದೇ ತಲೆಮಾರಿನಲ್ಲಿ ಸರ್ಕಾರವೂ ಹೋಯ್ತು, ನೋಟೂ ಹೋಯ್ತು. ಅಂಥ ಊರಿನ ಅಜ್ಜಿಯರು ಕಾಗದಕ್ಕಿಂತ ಕೊರಳಲ್ಲಿನ ಬೋರಮಾಳ ನಂಬಿದರೆ ಅದು ಮೌಢ್ಯ ಅಲ್ಲ.

ಆದರೆ ಅದೇ ನಿಜಾಮನ ಕಥೆ ಕೇಳಿ. ಯುದ್ಧದ ಕಾಲಕ್ಕೆ ಆತ 5,000 ಕೆಜಿ ಬಂಗಾರ ದೇಶಕ್ಕೆ ದಾನ ಕೊಟ್ಟ ಅಂತ ವಾಟ್ಸಾಪಿನಲ್ಲಿ ಈಗಲೂ ಓಡಾಡುತ್ತೆ. ದಾಖಲೆ ಹೇಳೋದು ಬೇರೆ. 1965ರಲ್ಲಿ ಆತ 425 ಕೆಜಿ ಬಂಗಾರವನ್ನ ರಾಷ್ಟ್ರೀಯ ರಕ್ಷಣಾ ಬಂಗಾರದ ಬಾಂಡಿನಲ್ಲಿ ಶೇ. 6.5 ಬಡ್ಡಿಗೆ ತೊಡಗಿಸಿದ. ರಾಜ್ಯ ಕಳಕೊಂಡ ರಾಜ, ತನ್ನ ರಾಜ್ಯ ತಗೊಂಡ ಸರ್ಕಾರಕ್ಕೇ ಬಂಗಾರ ಸಾಲ ಕೊಟ್ಟ! ಬಂಗಾರ ಬೇರೆ, ಸರ್ಕಾರಿ ಸಾಲ ಬೇರೆ ಅನ್ನೋ ಗೆರೆ ಅಷ್ಟು ಗಟ್ಟಿಯಾಗಿ ಯಾವತ್ತೂ ಇರಲಿಲ್ಲ.

ಸಾವರಿನ್ ಗೋಲ್ಡ್ ಬಾಂಡ್ ಇದಕ್ಕೆ ನಮ್ಮ ಕಾಲದ ಉದಾಹರಣೆ. 2015ರ ನವೆಂಬರಿನಲ್ಲಿ ಮೊದಲ ಕಂತು ಗ್ರಾಮಿಗೆ 2,684 ರೂಪಾಯಿಗೆ ಬಂತು. 2023ರ ನವೆಂಬರಿನಲ್ಲಿ ಸರ್ಕಾರ ಅದನ್ನ 6,132 ರೂಪಾಯಿಗೆ ತೀರಿಸಿತು, ಮೇಲೆ ಪ್ರತಿ ವರ್ಷದ ಬಡ್ಡಿ ಬೇರೆ. ಕೊಂಡೋರಿಗೆ ಹಬ್ಬ. ಆದರೆ ಸ್ವಲ್ಪ ತಿರುಗಿಸಿ ನೋಡಿ. ನಿಮ್ಮ ಕೈಲಿದ್ದದ್ದು ಬಂಗಾರ ಅಲ್ಲ, ಬಂಗಾರದ ಬೆಲೆ ಕೊಡ್ತೀನಿ ಅನ್ನೋ ಸರ್ಕಾರದ ಮಾತು. ಸರ್ಕಾರದ ಸಾಲಕ್ಕೆ ಹೆದರಿ ಬಂಗಾರಕ್ಕೆ ಓಡಿದೋರು ಕೊಂಡದ್ದು ಸರ್ಕಾರದ ಸಾಲಪತ್ರವನ್ನೇ. ಸಾಲ ದುಬಾರಿ ಅನ್ನಿಸಿದ ತಕ್ಷಣ ಸರ್ಕಾರ ಅಂಗಡಿ ಮುಚ್ಚಿತು. 2024ರ ಫೆಬ್ರವರಿಯ ನಂತರ ಹೊಸ ಕಂತು ಬಂದಿಲ್ಲ.

ಕೈಯಲ್ಲೇ ಬಂಗಾರ ಇದ್ದರೆ ಸರ್ಕಾರ ಮುಟ್ಟಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. 1963ರಲ್ಲಿ ಮೊರಾರ್ಜಿ ದೇಸಾಯಿ 14 ಕ್ಯಾರೆಟ್ಟಿಗಿಂತ ಶುದ್ಧ ಬಂಗಾರದ ಒಡವೆ ಮಾಡೋದನ್ನೇ ತಡೆದರು. ಎಷ್ಟೋ ಪತ್ತಾರರ ಒಲೆ ಆರಿತು. ಬಂಗಾರ ನಿಯಂತ್ರಣ ಕಾಯ್ದೆ ರದ್ದಾಗಿದ್ದು 1990ರಲ್ಲಿ. ಈಗ ಆ ಕಾಯ್ದೆ ಇಲ್ಲ, ಆಮದು ಸುಂಕ ಇದೆ. 2024ರ ಜುಲೈ ಬಜೆಟ್ಟಿನಲ್ಲಿ ಅದು ಶೇ. 15ರಿಂದ 6ಕ್ಕೆ ಇಳಿದಾಗ ಒಂದೆರಡು ದಿನದಲ್ಲೇ ಬೆಲೆ ಸಾವಿರಾರು ರೂಪಾಯಿ ಬಿತ್ತು. ಸರ್ಕಾರದಿಂದ ತಪ್ಪಿಸಿಕೊಳ್ಳೋಕೆ ಹಿಡಿದ ಕೊಡೆಯ ಕಾವು ಒಂದಿಷ್ಟು ಸರ್ಕಾರದ ಕೈಲೇ ಇದೆ.

ಹಾಗಾದರೆ ಬಂಗಾರ ದಂಡವೇ? ಅಲ್ಲ. ನಮ್ಮ ಕಡೆ ಅದು ಮಾಡೋ ಕೆಲಸ ಬೇರೆ. ಮಳೆ ನಂಬಿದ ಹೊಲ. ಮುಂಗಾರಿಗೆ ಬೀಜ, ಗೊಬ್ಬರ ಅಂದರೆ ರೊಕ್ಕ ಬೇಕು, ಬೆಳೆ ಕೈಗೆ ಬರೋದು ಆಮೇಲೆ. ನಡುವಿನ ತಿಂಗಳುಗಳನ್ನ ದಾಟಿಸೋದು ಪಾಟ್ಲಿ, ಸರ. ಜಾಮೀನುದಾರ ಬೇಡ, ಸ್ಯಾಲರಿ ಸ್ಲಿಪ್ ಬೇಡ. ಬೆಲೆಯ ಮುಕ್ಕಾಲು ಪಾಲಿನ ಆಸುಪಾಸು ಸಾಲ ಅವತ್ತೇ ಕೈಗೆ. ದೇಶ ಮಾಡಿದ್ದೂ ಇದನ್ನೇ. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರ ಅಡವಿಟ್ಟು 40 ಕೋಟಿ ಡಾಲರ್ ತಂತು. ಆಗ ನಮ್ಮನ್ನ ದಾಟಿಸಿದ್ದು ಬಂಗಾರದ ಬೆಲೆ ಏರಿದ್ದಲ್ಲ, ಅದು ಅಡವಿಗೆ ಒದಗಿದ್ದು.

ಆದರೆ ಇದಕ್ಕೂ ದಂಡ ಇದೆ. ಮಳೆ ಕೈಕೊಟ್ಟ ವರ್ಷ ಬಡ್ಡಿ ಕಟ್ಟೋಕಾಗಲ್ಲ, ಒಡವೆ ಹರಾಜಿಗೆ ಹೋಗುತ್ತೆ. ಹತ್ತು ವರ್ಷದ ನಂತರ ಬಂಗಾರ ಎಷ್ಟಕ್ಕೇರಿದರೂ ಆ ಮನೆಗೆ ಲಾಭ ಇಲ್ಲ. ಗ್ರಾಫು ತೋರಿಸೋರು ಬಂಗಾರ ಕಾಯ್ದವರ ಲೆಕ್ಕ ಕೊಡ್ತಾರೆ, ಕಾಯೋಕೆ ಆಗದೆ ಹೋದವರ ಲೆಕ್ಕ ಕೊಡಲ್ಲ.

ಇನ್ನೊಂದು ಮಾತು, ಯಾರೂ ಹೇಳದ್ದು. ಮದುವೆಗೆ ಬಂದ ಮಗಳಿರೋ ಮನೆಗೆ ಬಂಗಾರ ಹಣದುಬ್ಬರದ ಔಷಧಿ ಅಲ್ಲ, ಬಂಗಾರವೇ ಹಣದುಬ್ಬರ. ಐದು ತೊಲಿ ಅಂತ ಮಾತಾಗಿದ್ದರೆ ಬೆಲೆ ಏರಿದಷ್ಟೂ ಸಾಲ. ಪೇಟೆಯಲ್ಲಿ ಕೂತು ಇಟಿಎಫ್ ಕೊಂಡ ನಾವು ಬೆಲೆ ಏರಿತು ಅಂತ ಖುಷಿಪಡೋ ದಿನ, ಊರಲ್ಲಿ ಒಬ್ಬ ಅಪ್ಪ ಹೊಲದ ಪಹಣಿ ಹುಡುಕ್ತಾ ಇರ್ತಾನೆ.

ಹಾಗಂತ ಬಂಗಾರ ಕೊಳ್ಳಬೇಡಿ ಅಂತಿಲ್ಲ. ಯಾವ ಭಯಕ್ಕೆ ಕೊಳ್ತಿದ್ದೀರಿ ಅಂತ ಮೊದಲು ಕೇಳಿಕೊಳ್ಳಿ. ಕೆಲಸ ಹೋದೀತು ಅನ್ನೋ ಭಯಕ್ಕೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ರೂಪಾಯಿ ಬಿದ್ದೀತು ಅನ್ನೋ ಭಯಕ್ಕೆ ಒಂದಿಷ್ಟು ಬಂಗಾರ ಸರಿ, ಹತ್ತು ವರ್ಷ ಮುಟ್ಟದೆ ಇರೋಕಾದರೆ. ಒಡವೆ ಬೇಕಿದ್ದರೆ ಹಾಕ್ಕೊಳ್ಳೋಕೆ ಕೊಳ್ಳಿ, ಮಜೂರಿ, ವೇಸ್ಟೇಜು, ಶೇ. 3 ಜಿಎಸ್‌ಟಿ ಕೊಟ್ಟು ಅದನ್ನ ಹೂಡಿಕೆ ಅಂತ ಕರೀಬೇಡಿ. ಸರ್ಕಾರ ಮುಳುಗೀತು ಅನ್ನೋ ಭಯಕ್ಕೆ ಮಾತ್ರ ಅಂಗಡಿಯಲ್ಲಿ ಸಿಗೋ ಔಷಧಿ ಇಲ್ಲ. ನಿಜಾಮನಿಗೇ ಸಿಗಲಿಲ್ಲ.