ಮಾಸ್ಟರ್ ಹಿರಣ್ಣಯ್ಯನವರ ಹಾಸ್ಯ

ಗದುಗಿನ ರಸಿಕರಿಗೆ ನಗೆಯನ್ನು ಒರೆಗೆ ಹಚ್ಚುವ ಅಧಿಕಾರವು ಪರಂಪರೆಯಿಂದಲೇ ಬಂದುದಾಗಿದೆ. ಹೆಂಗಳೆಯರ ಮುಂದೆ ಪೌರುಷವನ್ನು ಕೊಚ್ಚಿ, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಉತ್ತರಕುಮಾರನನ್ನು ಕುಮಾರವ್ಯಾಸನು ನಮ್ಮ ವೀರನಾರಾಯಣನ ಸನ್ನಿಧಿಯಲ್ಲಿ ಚಿತ್ರಿಸಿದನು. ಅದೇ ದೇವರ ಹೆಸರಿನಿಂದ ಶಾಂತಕವಿಗಳು ಇಲ್ಲಿ ನಾಟಕ ಮಂಡಳಿಯನ್ನು ಕಟ್ಟಿದರು. ಆದುದರಿಂದ ಮೈಸೂರು ಸೀಮೆಯ ನಟರೊಬ್ಬರ ಹಾಸ್ಯವನ್ನು ಕುರಿತು ಈ ಪತ್ರಿಕೆಯಲ್ಲಿ ನಾಲ್ಕು ಮಾತು ಬರೆಯುವದು ಅನುಚಿತವಾಗಲಾರದು.

1934 ರಲ್ಲಿ ಹುಟ್ಟಿದ ನರಸಿಂಹಮೂರ್ತಿಯವರು ತಂದೆಯ ಹೆಸರನ್ನೇ ಹೊತ್ತು ಮಾಸ್ಟರ್ ಹಿರಣ್ಣಯ್ಯನೆನಿಸಿದರು. ಹಾಸ್ಯನಟರಾದ ಕೆ. ಹಿರಣ್ಣಯ್ಯನವರು 1953 ರಲ್ಲಿ ತೀರಿಕೊಂಡ ಮೇಲೆ ಮಿತ್ರಮಂಡಳಿಯ ಭಾರವು ಹರೆಯದ ಮಗನ ಹೆಗಲಿಗೆ ಬಿದ್ದಿತು. ಅವರಿಗೆ ನಾಡಿನಲ್ಲೆಲ್ಲ ಹೆಸರು ತಂದದ್ದು 'ಲಂಚಾವತಾರ'. ಅದು ಸಾವಿರಾರು ಪ್ರಯೋಗಗಳನ್ನು ಕಂಡಿತು. ಅಧಿಕಾರಸ್ಥರ ಕೋಪವನ್ನೂ ಕಂಡಿತು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ಆ ನಾಟಕದ ಕಥೆಯು ತೆಳುವಾದುದೆಂದು ಒಪ್ಪಲೇಬೇಕು. ಅದರ ಜೀವವೆಲ್ಲ ಬರೆಯದ ಮಾತಿನಲ್ಲಿತ್ತು. ಬೆಳಗಿನ ಪತ್ರಿಕೆಯ ಸುದ್ದಿಯು ರಾತ್ರಿಯ ಸಂಭಾಷಣೆಯೊಳಗೆ ನುಸುಳುತ್ತಿತ್ತು. ಇದು ನಾಟಕವಲ್ಲ, ಭಾಷಣ ಎಂದು ಕೆಲವು ವಿದ್ವಾಂಸರು ಮೂಗು ಮುರಿಯುವದುಂಟು. ಆ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ: ಅವರು ಮಾತಿಗೆ ತೊಡಗಿದರೆಂದರೆ ಉಳಿದ ಪಾತ್ರಗಳು ಗೂಟಕ್ಕೆ ಕಟ್ಟಿದಂತೆ ನಿಂತುಬಿಡುವವು. ಆದರೆ ಉತ್ತರಕುಮಾರನನ್ನು ನಕ್ಕರೆ ಕವಿಗೆ ಯಾವ ಅಪಾಯವೂ ಇಲ್ಲ. ಹಿರಣ್ಣಯ್ಯನವರ ಉತ್ತರಕುಮಾರನಾದರೋ ಕೆಲವೊಮ್ಮೆ ಮುಂದಿನ ಸಾಲಿನ ಕುರ್ಚಿಯಲ್ಲಿಯೇ ಕುಳಿತಿರುತ್ತಿದ್ದನು!

ಅವನೂ ಚಪ್ಪಾಳೆ ತಟ್ಟಿ ನಕ್ಕರೆ? ಮರುದಿನ ಕಚೇರಿಯಲ್ಲಿ ಅದೇ ಕೈ ಮೇಜಿನ ಕೆಳಗೆ ಚಾಚಿದರೆ? ವಿಡಂಬನೆಯ ಬಾಣವು ಮೊಂಡಾಗುವದು ಇಂತಹ ನಗೆಯಿಂದಲೇ. ಹಿರಣ್ಣಯ್ಯನವರು ಈ ಸಂಕಟವನ್ನು ಬಲ್ಲವರೆಂದೇ ನನಗೆ ತೋರುವದು. ಏಕೆಂದರೆ ಅವರು ಮಂತ್ರಿಯನ್ನು ಝಾಡಿಸಿದಷ್ಟಕ್ಕೇ ನಿಲ್ಲದೆ, ಮತವನ್ನು ಮಾರಿಕೊಂಡ, ಲಂಚವನ್ನು ಕೊಟ್ಟು ಕೆಲಸ ಮಾಡಿಸಿಕೊಂಡ ಪ್ರೇಕ್ಷಕನ ಕಡೆಗೂ ತಿರುಗುತ್ತಿದ್ದರು. ಅವರ ಹಾಸ್ಯದ ಉತ್ತಮಾಂಶವು ಅಲ್ಲಿದೆ. ಮಂತ್ರಿಗಳನ್ನು ಬೈಯುವ ಹಾಸ್ಯಗಾರರು ಮತ್ತೆಷ್ಟೋ ಜನರಿದ್ದಾರೆ.

2019 ರ ಮೇ 2 ರಂದು ಅವರು ತೀರಿಕೊಂಡರು. ಧ್ವನಿಮುದ್ರಿಕೆಗಳಲ್ಲಿ ಆ ಕಂಠ ಇನ್ನೂ ಕೇಳಿಬರುವದು. ಆದರೆ ಅಂದಿನ ಮಂತ್ರಿಗಳ ಹೆಸರು ಬಂದಾಗ ನಮ್ಮ ಮನೆಯ ಹುಡುಗರು ನಗುವದಿಲ್ಲ, "ಅವರು ಯಾರು?" ಎಂದು ಕೇಳುತ್ತಾರೆ, ಲಂಚ ಕೊಡುವವನ ಮಾತು ಬಂದಾಗ ಮಾತ್ರ ಹಾಗೆ ಕೇಳುವದಿಲ್ಲ.